ನೇರಳೆ ಮುಚ್ಚಳದ ಟ್ಯೂಬು

“ಮತ್ತೆ ಮೊದಲನೆಯ ವರ್ಷದಿಂದ ಓದಬೇಕಂತೆ ಮೇಡಂ.” ಸಲಹೆ ಕೇಳಲು ಬಂದ ವಸುಧಾ ನನ್ನ ಮುಂದೆ ಆಡಿದ ಮೊದಲ ಪೂರ್ತಿ ಮಾತು ಇದು. ಅವರ ಹೆಸರು ವಸುಧಾ ಅಲ್ಲ. ಊರು ಹಾಸನ ಎಂದಿಟ್ಟುಕೊಳ್ಳೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು 36. ಬಿ.ಎಸ್ಸಿ. ಎಂ.ಎಲ್.ಟಿ. (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಮುಗಿಸಿ ಹಾಸನದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಒಂಬತ್ತು ವರ್ಷ ದುಡಿದವರು. ನಾಲ್ಕು ವರ್ಷದ ಹಿಂದೆ ಪತಿಯ ಉದ್ಯೋಗ ವೀಸಾದ ಅವಲಂಬಿತರಾಗಿ ಇಂಗ್ಲೆಂಡಿಗೆ ಹೋದರು. ಈಗ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಸಹಾಯಕಿ. ಚೀಲ ಬಿಚ್ಚಿ, ಟ್ಯೂಬಿನ ಮೇಲಿನ ಹೆಸರನ್ನು ಚೀಟಿಯೊಂದಿಗೆ ತಾಳೆ ನೋಡಿ, ಬಾರ್‌ಕೋಡ್ ಅಂಟಿಸಿ, ಯಂತ್ರಕ್ಕೆ ಹಾಕುವುದು ಕೆಲಸ. ಅಲ್ಲಿ ಸ್ಯಾಂಪಲ್ ಪರೀಕ್ಷಿಸಿ ಫಲಿತಾಂಶಕ್ಕೆ ಸಹಿ ಹಾಕುವವರ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬ ಹೆಸರಿಗೇ ಕಾನೂನಿನ ಕಾವಲಿದೆ. ಎಚ್‌ಸಿಪಿಸಿ ಎಂಬ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದವರು ಹಾಗೆಂದು ಕರೆದುಕೊಳ್ಳುವಂತಿಲ್ಲ.

ಲ್ಯಾಬಿನ ಮೇಲಧಿಕಾರಿಯೇ ಅವರನ್ನು ಕರೆದು, ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಸೇರುತ್ತೀಯಾ ಎಂದು ಕೇಳಿದ್ದರು. ಕೆಲಸ, ಸಂಬಳ ಎರಡೂ ಮುಂದುವರಿಯುತ್ತವೆ. ವಾರದ ಒಂದು ಪಾಲು ಸಮಯ ವಿಶ್ವವಿದ್ಯಾಲಯದ ಓದಿಗೆ. ಶುಲ್ಕ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ದೊಡ್ಡ ಉದ್ಯೋಗದಾತರು 2017ರಿಂದ ಕಟ್ಟುತ್ತಿರುವ ಅಪ್ರೆಂಟಿಸ್‌ಶಿಪ್ ತೆರಿಗೆಯಿಂದ ಅದು ಭರ್ತಿಯಾಗುತ್ತದೆ. ಉತ್ತರಕ್ಕೆ ಮೂರು ವಾರ ಗಡುವು. ವಸುಧಾ ಅದೇ ರಾತ್ರಿ ‘ಬೇಡ’ ಎಂಬ ಮೇಲ್ ಬರೆದು, ಕಳುಹಿಸದೆ ಇಟ್ಟುಕೊಂಡಿದ್ದರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಹೆಜ್ಜೆ ಇಟ್ಟೆ. ಸಮಯದ ಒತ್ತಡವೇ ತೊಡಕು ಎಂದು ಭಾವಿಸಿ, ಕಾಗದದ ಮೇಲೆ ವೇಳಾಪಟ್ಟಿ ಹಾಕಲು ಕುಳಿತೆ. ಮಗನ ಶಾಲೆ, ಅಡುಗೆ, ಪಾಳಿ ಎಲ್ಲಕ್ಕೂ ಅವರು ತಲೆಯಾಡಿಸಿದರು. ಅಷ್ಟು ಬೇಗ ತಲೆಯಾಡಿಸುವವರು ಕೇಳಿಸಿಕೊಳ್ಳುತ್ತಿರುವುದಿಲ್ಲ. ‘ಓದಿದರೂ ನಲವತ್ತು ತುಂಬುತ್ತದೆ, ಓದದಿದ್ದರೂ ತುಂಬುತ್ತದೆ’ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದನ್ನು ಅವರಿಗೆ ಆಗಲೇ ನಾಲ್ಕು ಜನ ಹೇಳಿರುತ್ತಾರೆ.

ಎರಡನೆಯ ಭೇಟಿಯಲ್ಲಿ ಟ್ಯೂಬಿನ ಕಥೆ ಹೊರಬಂತು.

ಒಂದು ಸಂಜೆ ಯಂತ್ರದ ತೆರೆಯ ಮೇಲೆ ರೋಗಿಯೊಬ್ಬರ ಪೊಟ್ಯಾಸಿಯಂ 8.1 ಎಂದು ಕಾಣಿಸಿತು. ಹೃದಯ ನಿಲ್ಲಿಸಬಲ್ಲ ಅಂಕಿ. ಕೆಳಗಿನ ಸಾಲಿನಲ್ಲಿ ಕ್ಯಾಲ್ಸಿಯಂ 1.2, ಅಂದರೆ ಇರಬೇಕಾದುದರ ಅರ್ಧ. “ಎರಡೂ ಒಟ್ಟಿಗೆ ಹೀಗೆ ಬಂದರೆ ನೇರಳೆ ಮುಚ್ಚಳದ ಟ್ಯೂಬಿನದೇ ಚೇಷ್ಟೆ ಮೇಡಂ. ರಕ್ತ ಹೆಪ್ಪುಗಟ್ಟದಿರಲೆಂದು ಅದರೊಳಗೆ ಹಾಕಿರುವ ಇಡಿಟಿಎ ಪುಡಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಆ ಪುಡಿ ಕ್ಯಾಲ್ಸಿಯಂ ಅನ್ನು ಹಿಡಿದುಹಾಕುತ್ತದೆ. ಯಾರೋ ಆ ಟ್ಯೂಬಿನ ರಕ್ತವನ್ನು ಈ ಪರೀಕ್ಷೆಯ ಟ್ಯೂಬಿಗೆ ಸುರಿದಿದ್ದಾರೆ. ಹಾಸನದಲ್ಲಿ ಇಂಥದ್ದನ್ನು ಎಷ್ಟು ಸಲ ಹಿಡಿದಿಲ್ಲ ನಾನು!” ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. ಆದರೆ ಆ ಸಂಜೆ ಅವರು ಬಾಯಿ ಬಿಡಲಿಲ್ಲ. ಹತ್ತು ನಿಮಿಷದ ನಂತರ 23ರ ಹುಡುಗಿಯೊಬ್ಬಳು, ನೋಂದಾಯಿತ ಸೈಂಟಿಸ್ಟ್, ಅದನ್ನೇ ಕಂಡುಹಿಡಿದು ಫಲಿತಾಂಶವನ್ನು ತಡೆದು ಹೊಸ ಸ್ಯಾಂಪಲ್ ಕೇಳಿದಳು. ಎಲ್ಲರೂ ಭೇಷ್ ಎಂದರು. ವಸುಧಾ ಬಾರ್‌ಕೋಡ್ ಅಂಟಿಸುತ್ತ ನಿಂತಿದ್ದರು.

“ಗೊತ್ತಿದ್ದುದನ್ನೇ ಮತ್ತೆ ಆ ಹುಡುಗಿಯಂಥವರ ಪಕ್ಕ ಕುಳಿತು ಕಲಿಯಬೇಕೆ?”

ತೊಡಕು ಇಲ್ಲಿತ್ತು. ಮನೆಯಲ್ಲೂ ಅದಕ್ಕೆ ಗಾಳಿ ಹಾಕುವವರಿದ್ದರು. ಅಪ್ರೆಂಟಿಸ್ ಎಂದರೆ ಐಟಿಐ ಹುಡುಗರಲ್ಲವೇ ಎಂದು ಪತಿ ನಕ್ಕಿದ್ದರಂತೆ. ಪೀಣ್ಯದ ಕಾರ್ಖಾನೆಗಳನ್ನು ನೋಡಿ ಬೆಳೆದವರಿಗೆ ಆ ಪದ ಹಾಗೆ ಕೇಳಿಸುವುದು ಸಹಜ, ಅವರನ್ನು ನಾನು ದೂರುವುದಿಲ್ಲ. ಅತ್ತೆಯವರಂತೂ ಸೊಸೆ ಲಂಡನ್ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ ಎಂದು ಬೀದಿಗೆಲ್ಲ ಹೇಳಿದ್ದರು. ಲಂಡನ್ ಅಲ್ಲಿಂದ ಎರಡು ಗಂಟೆಯ ದಾರಿ, ಆ ಮಾತು ಬೇರೆ.

ನಾನು ಸಮಾಧಾನ ಹೇಳಲಿಲ್ಲ. “ಆ ಹತ್ತು ನಿಮಿಷ ನೀವೇಕೆ ಸುಮ್ಮನಿದ್ದಿರಿ?” ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. “ಹೇಳುವುದು ನನ್ನ ಕೆಲಸವಲ್ಲವಲ್ಲ” ಎಂದರು. ಫಲಿತಾಂಶಕ್ಕೆ ಸಹಿ ಹಾಕುವ ಅಧಿಕಾರ ಇಲ್ಲದಿರುವುದು ಬೇರೆ, ಸಂಶಯವನ್ನು ಪಕ್ಕದವರ ಕಿವಿಗೆ ಹಾಕುವುದು ಬೇರೆ. ಮೊದಲನೆಯದಕ್ಕೆ ನೋಂದಣಿ ಬೇಕು, ಎರಡನೆಯದಕ್ಕೆ ಬೇಡ. ‘ಕ್ಯಾಲ್ಸಿಯಂ ಕೂಡ ಒಮ್ಮೆ ನೋಡುತ್ತೀರಾ?’ ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಇಬ್ಬರೂ ಕುಳಿತು ನಾಲ್ಕಾರು ಸಲ ಹೇಳಿ ನೋಡಿದೆವು. ನಗು ಬಂತು, ಆದರೂ ಬಿಡಲಿಲ್ಲ.

ಓದಿನ ವಿಷಯದಲ್ಲಿ ನನ್ನ ಸಲಹೆ ಅವರು ನಿರೀಕ್ಷಿಸಿದಂತಿರಲಿಲ್ಲ. ಮೇಲ್ ಕಳುಹಿಸಬೇಡಿ, ಹಾಗೆಂದು ಕಣ್ಣು ಮುಚ್ಚಿ ಸೇರಲೂ ಬೇಡಿ ಎಂದೆ. ನೋಂದಣಿಗೆ ಇದೊಂದೇ ಬಾಗಿಲಲ್ಲ. ಹೊರದೇಶದಲ್ಲಿ ತರಬೇತಾದವರು ಎಚ್‌ಸಿಪಿಸಿಗೆ ನೇರವಾಗಿ ಅರ್ಜಿ ಹಾಕಬಹುದು; ಮಂಡಳಿಯವರು ಓದು, ಅನುಭವ ಎರಡನ್ನೂ ತಮ್ಮ ಮಾನದಂಡಗಳ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಇಲ್ಲವೇ ವೃತ್ತಿಸಂಸ್ಥೆಯಾದ ಐಬಿಎಂಎಸ್‌ನಿಂದ ಪದವಿಯ ಮೌಲ್ಯಮಾಪನ ಮಾಡಿಸಿ, ಕೊರತೆಯಿರುವ ವಿಷಯಗಳನ್ನಷ್ಟೇ ಓದಿ, ತರಬೇತಿಗೆ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪೋರ್ಟ್‌ಫೋಲಿಯೊ, ಅಂದರೆ ಕೆಲಸ ಬರುತ್ತದೆ ಎಂಬುದಕ್ಕೆ ಪುರಾವೆಗಳ ಕಡತ, ಮುಗಿಸುವ ದಾರಿಯಿದೆ. ವಸುಧಾ ಅವರ ಒಂಬತ್ತು ವರ್ಷ ಬಹುಪಾಲು ಬಯೋಕೆಮಿಸ್ಟ್ರಿ ಮತ್ತು ಹೆಮಟಾಲಜಿಯಲ್ಲೇ ಕಳೆದಿತ್ತು. ರಕ್ತನಿಧಿ, ಹಿಸ್ಟಾಲಜಿಯಲ್ಲಿ (ಅಂಗಾಂಶ ಪರೀಕ್ಷೆ) ಕೈ ಆಡಿಸಿದ್ದು ಕಡಿಮೆ. ಹಾಗಾಗಿ ಅಪ್ರೆಂಟಿಸ್‌ಶಿಪ್‌ನ ಕಡೆಗೇ ನನ್ನ ಒಲವು. ಪೋರ್ಟ್‌ಫೋಲಿಯೊ ಮಾಡಿಸುವವರಿಗಾಗಿ ಎಷ್ಟೋ ಜನ ವರ್ಷಗಟ್ಟಲೆ ಕಾಯುತ್ತಾರೆ, ಇವರಿಗೆ ಅದು ಕೆಲಸದ ಜಾಗದಲ್ಲೇ ಸಿಗುತ್ತಿದೆ.

ಆದರೆ ಸೇರುವ ಮೊದಲು ಲಿಖಿತ ಉತ್ತರ ಪಡೆಯಬೇಕಾದ ಪ್ರಶ್ನೆಗಳಿದ್ದವು. ಹಿಂದಿನ ಓದಿಗೆ ಎಷ್ಟು ವಿನಾಯಿತಿ? ಕಲಿಯಲು ಹೊಸತು ಸಾಕಷ್ಟಿಲ್ಲವೆಂದಾದರೆ ಅಪ್ರೆಂಟಿಸ್‌ಶಿಪ್ ಹಣ ಸಿಗುವುದಿಲ್ಲ, ಆದ್ದರಿಂದ ಹಳೆಯ ಅಂಕಪಟ್ಟಿಗಳನ್ನು ಬಚ್ಚಿಡದೆ ಮೊದಲೇ ತೋರಿಸುವುದು ಒಳ್ಳೆಯದು. ಮಧ್ಯದಲ್ಲಿ ಪತಿಯ ಕೆಲಸ ಬದಲಾಗಿ ಊರು ಬಿಡಬೇಕಾದರೆ ಏನು ಗತಿ? ಪದವಿ ಐಬಿಎಂಎಸ್ ಮಾನ್ಯತೆ ಪಡೆದದ್ದೇ, ನೋಂದಣಿಗೆ ನೇರವಾಗಿ ಒಯ್ಯುತ್ತದೆಯೇ? ಅಪ್ರೆಂಟಿಸ್‌ಶಿಪ್ ಹಣಕ್ಕಿರುವ ವಾಸದ ಷರತ್ತು ಅವರಿಗೆ ಅಡ್ಡಿಯಿರಲಿಲ್ಲ. ಓದಿನ ವೀಸಾ ಅಲ್ಲದೆ ಬೇರೆ ಅನುಮತಿಯ ಮೇಲೆ ಹಿಂದಿನ ಮೂರು ವರ್ಷ ಅಲ್ಲೇ ನೆಲೆಸಿದ್ದರೆ ಸಾಕು.

ಮಾತಿನ ನಡುವೆ ಒಂದು ಸಂಗತಿ ಹೇಳಿದೆ. ಈಗ ಅವರು ಅಷ್ಟು ಅಂಜುವ ಐಬಿಎಂಎಸ್ 1912ರಲ್ಲಿ ಹುಟ್ಟಿದ್ದು ಲ್ಯಾಬ್ ಸಹಾಯಕರ ಸಂಘವಾಗಿ. “ಚೀಲ ಬಿಚ್ಚುವವರದೇ?” ಎಂದು ಕೇಳಿದರು. ಹೆಚ್ಚುಕಡಿಮೆ ಹೌದು ಎಂದೆ.

ಅತ್ತೆಗೆ ನಿಜ ತಿಳಿಸುವುದನ್ನು ಪತಿಗೆ ವಹಿಸಬೇಡಿ, ನೀವೇ ಹೇಳಿ ಎಂಬುದು ನನ್ನ ಕೊನೆಯ ಸಲಹೆಯಾಗಿತ್ತು. ಅದಕ್ಕೆ ಮಾತ್ರ ಅವರು ತಲೆಯಾಡಿಸಲಿಲ್ಲ.

ಮೂರನೆಯ ಭೇಟಿಯ ಹೊತ್ತಿಗೆ ಗಡುವು ಎರಡು ವಾರ ಮುಂದೆ ಹೋಗಿತ್ತು. ವಿನಾಯಿತಿ ತೀರ್ಮಾನಿಸಲು ವಿಶ್ವವಿದ್ಯಾಲಯದವರು ಹಳೆಯ ಪಠ್ಯಕ್ರಮದ ದೃಢೀಕೃತ ಪ್ರತಿ ಕೇಳಿದ್ದರು. ಕಾಲೇಜಿಗೆ ಮೇಲ್ ಬರೆದರೆ ಉತ್ತರವಿಲ್ಲ. ಬೇರೆ ದಾರಿ ಕಾಣದೆ ವಸುಧಾ ಊರಿಗೆ ಫೋನ್ ಮಾಡಿ, ಚೀಲ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು. ಅತ್ತೆ ಕೇಳಿದ್ದು ಒಂದೇ: “ಆ ಕಾಗದ ಯಾರ ಹತ್ತಿರ ಸಿಗುತ್ತದೆ?” ಮರುದಿನ ಆಟೊ ಹಿಡಿದು ಕಾಲೇಜಿಗೆ ಹೋದರು. ಗುಮಾಸ್ತರು ಗುರುವಾರ ಬನ್ನಿ ಎಂದಿದ್ದಾರಂತೆ. “ಊಟದ ಡಬ್ಬಿ ತೆಗೆದುಕೊಂಡೇ ಹೋಗುತ್ತೇನೆ, ಕೊಡುವವರೆಗೂ ಏಳುವುದಿಲ್ಲ” ಎಂದು ಅತ್ತೆ ಹೇಳಿದ್ದಾರೆ.