ಕೆಟ್ಟ ಲ್ಯಾಪ್‌ಟಾಪಿನ ವೈಫೈ ಕಾರ್ಡು ಡೆಸ್ಕ್‌ಟಾಪಿಗೆ ಆಗುತ್ತಾ?

ಪ್ರಶ್ನೆ: ಸರ್, ನಮ್ಮನೇಲಿ ಒಂದು ಹಳೇ ಲ್ಯಾಪ್‌ಟಾಪು ಮದರ್‌ಬೋರ್ಡ್ ಹೋಗಿ ಅಟ್ಟದ ಮೇಲೆ ಬಿದ್ದಿದೆ. ಡೆಸ್ಕ್‌ಟಾಪಲ್ಲಿ ವೈಫೈ ಇಲ್ಲ, ರೌಟರ್ ಕೆಳಗೆ ಹಾಲಲ್ಲಿ, ಕಂಪ್ಯೂಟರ್ ಮಹಡಿ ಮೇಲೆ, ಗೋಡೆ ಕೊರೆದು ಕೇಬಲ್ ಎಳೀತೀನಿ ಅಂದ್ರೆ ಅಮ್ಮ ಬಿಡ್ತಿಲ್ಲ. ಲ್ಯಾಪ್‌ಟಾಪಿನ ವೈಫೈ ಕಾರ್ಡ್ ತೆಗೆದು ಹಾಕ್ಬಹುದಾ?
– ಓದುಗರೊಬ್ಬರು, ಸಾಗರ

ಉತ್ತರ: ಹಾಕ್ಬಹುದು. ಆದ್ರೆ ಆ ಕಾರ್ಡನ್ನ ಡೆಸ್ಕ್‌ಟಾಪಿಗೆ ಕೂರಿಸೋ ಅಡಾಪ್ಟರ್ ಆರ್ಡರ್ ಮಾಡೋಕೆ ಮುಂಚೆ ಲ್ಯಾಪ್‌ಟಾಪಿನ ತಳ ಬಿಚ್ಚಿ, ಬ್ಯಾಟರಿ ತೆಗೆದು, ಕಾರ್ಡಿನ ಮೇಲಿರೋ ಸ್ಟಿಕರ್ ಓದಿ, ಯಾಕಂದ್ರೆ ಎಲ್ಲಾ ನಿಂತಿರೋದು ಆ ನಂಬರ್ ಮೇಲೆ. ಸುಮಾರು 2014ಕ್ಕಿಂತ ಹಳೇ ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಅನ್ನೋ ಬಗೆಯ ಕಾರ್ಡ್ ಇರುತ್ತೆ, ಆಮೇಲಿನವುಗಳಲ್ಲಿ ಎಂ.2 ಅನ್ನೋ ಬಗೆ, ಅದು 22 ಮಿಮೀ ಅಗಲ 30 ಮಿಮೀ ಉದ್ದ. ಎರಡಕ್ಕೂ ಅಡಾಪ್ಟರ್ ಬೇರೆ ಬೇರೆ, ಮದರ್‌ಬೋರ್ಡಿನ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುತ್ತೆ, ಬೆಲೆ ಕೆಲವು ನೂರು ರೂಪಾಯಿ.

ಜನ ಮೋಸ ಹೋಗೋದು ಇಂಟೆಲ್ 9560, ಎಎಕ್ಸ್201, ಎಎಕ್ಸ್211 ಇವುಗಳಲ್ಲಿ. ನೋಡೋಕೆ ಮಾಮೂಲಿ ಎಂ.2 ಕಾರ್ಡೇ, ಆದ್ರೆ ಇವು ಸಿಎನ್‌ವಿಐ ಅನ್ನೋ ಬಗೆಯವು, ವೈಫೈನ ಅರ್ಧ ಕೆಲಸ ಲ್ಯಾಪ್‌ಟಾಪಿನ ಇಂಟೆಲ್ ಚಿಪ್‌ಸೆಟ್ ಒಳಗೇ ನಡೆಯುತ್ತೆ, ಹಾಗಾಗಿ ಈ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರಿಗೆ ಹಾಕಿದ್ರೆ ಕಂಪ್ಯೂಟರಿಗೆ ಅಲ್ಲೊಂದು ಕಾರ್ಡಿದೆ ಅಂತಾನೇ ಗೊತ್ತಾಗಲ್ಲ, ಎಎಂಡಿ ಬೋರ್ಡಲ್ಲಂತೂ ಕೇಳೋದೇ ಬೇಡ. 7265, 8265, 9260, ಎಎಕ್ಸ್200, ಎಎಕ್ಸ್210 ಆದ್ರೆ ಧೈರ್ಯವಾಗಿ ಹಾಕಿ. ಬರೀ 2.4 ಗಿಗಾಹರ್ಟ್ಸ್‌ನ ಹಳೇ ಎನ್ (802.11n ಅನ್ನೋ ಹಳೇ ವೈಫೈ ಪೀಳಿಗೆ) ಕಾರ್ಡ್ ಸಿಕ್ಕಿದ್ರೆ ಬಿಟ್ಟುಬಿಡಿ, ಅದಕ್ಕೆ ಅಡಾಪ್ಟರ್ ತರೋ ದುಡ್ಡಿಗೆ ಯುಎಸ್‌ಬಿ ಡಾಂಗಲ್ ಬರುತ್ತೆ.

ಬ್ಲೂಟೂತ್ ಬೇಕಾದ್ರೆ ಇನ್ನೊಂದು ವಿಷ್ಯ: ಕಾರ್ಡಲ್ಲಿ ವೈಫೈ ಪಿಸಿಐ ಎಕ್ಸ್‌ಪ್ರೆಸ್ ದಾರೀಲಿ ಹೋದ್ರೆ ಬ್ಲೂಟೂತ್ ಯುಎಸ್‌ಬಿ ದಾರಿ ಹಿಡಿಯುತ್ತೆ. ಅಡಾಪ್ಟರ್ ಜೊತೆ ಬರೋ ಪುಟ್ಟ ವೈರನ್ನ ಬೋರ್ಡಿನ 9 ಪಿನ್ನಿನ ಯುಎಸ್‌ಬಿ ಹೆಡರಿಗೆ ಸಿಕ್ಕಿಸ್ಲಿಲ್ಲ ಅಂದ್ರೆ ವೈಫೈ ಮಾತ್ರ ಬರುತ್ತೆ. ಡ್ರೈವರ್ ಸಿಗ್ಲಿಲ್ವಾ, ಫೋನನ್ನ ಕೇಬಲ್ಲಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಫೋನಿನ ಇಂಟರ್ನೆಟ್ಟಲ್ಲಿ ಇಳಿಸ್ಕೊಳ್ಳಿ.

ಪ್ರಶ್ನೆ: ಅದೇ ಲ್ಯಾಪ್‌ಟಾಪಿನ ಆಂಟೆನಾನೂ ಬಳಸ್ಬಹುದಾ?
– ಅದೇ ಓದುಗರು

ಉತ್ತರ: ಬಳಸ್ಬಹುದು, ಆದ್ರೆ ಕ್ಯಾಬಿನೆಟ್ ಒಳಗಲ್ಲ. ಅದು ತಗಡಿನ ಡಬ್ಬ, ಸಿಗ್ನಲ್ ಅಲ್ಲೇ ಸಾಯುತ್ತೆ. ಲ್ಯಾಪ್‌ಟಾಪಲ್ಲಿ ಆಂಟೆನಾ ಸಾಮಾನ್ಯವಾಗಿ ಪರದೆ ಅಂಚಲ್ಲಿ ಅಂಟಿಸಿರೋ ತೆಳ್ಳನೆ ತಗಡಿನ ಪಟ್ಟಿ, ಅಲ್ಲಿಂದ ಕಾರ್ಡಿನವರೆಗೆ ತುಂಬಾ ತೆಳ್ಳಗಿರೋ ಒಂದು ಕಪ್ಪು ಒಂದು ಬಿಳಿ ವೈರ್ ಬಂದಿರುತ್ತೆ. ಅದನ್ನ ಕತ್ತರಿಸಿ ಜೋಡಿಸೋಕೆ ಹೋಗ್ಬೇಡಿ, ಒಳಗೆ ಎರಡು ಪದರ ಇರುತ್ತೆ. ತುದೀಲಿರೋ ಹಿತ್ತಾಳೆ ಬಣ್ಣದ ಪುಟಾಣಿ ಟೋಪಿಯನ್ನ ಉಗುರಿಂದ ನೇರ ಮೇಲಕ್ಕೆ ಎತ್ತಿ, ಓರೆ ಎಳೆದ್ರೆ ಕಾರ್ಡಿನ ಕಡೆಯದೇ ಕಿತ್ತು ಬರುತ್ತೆ. ಎಂ.2 ಕಾರ್ಡಿನ ಟೋಪಿ ಮಿನಿ ಪಿಸಿಐ ಎಕ್ಸ್‌ಪ್ರೆಸ್‌ದಕ್ಕಿಂತ ಚಿಕ್ಕದು, ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ನನ್ನ ಕೇಳಿದ್ರೆ ಆಂಟೆನಾ ಸಮೇತ ಬರೋ ಅಡಾಪ್ಟರನ್ನೇ ತಗೊಳ್ಳಿ, ಬೆಂಗಳೂರಿನ ಎಸ್.ಪಿ. ರೋಡಲ್ಲೂ ಸಿಗುತ್ತೆ ಆನ್‌ಲೈನಲ್ಲೂ ಸಿಗುತ್ತೆ. ನಿಮ್ಮ ಕ್ಯಾಬಿನೆಟ್ ಟೇಬಲ್ ಕೆಳಗೆ ಗೋಡೆಗೆ ಆತ್ಕೊಂಡಿದ್ರೆ ಹಿಂದೆ ಚುಚ್ಚಿದ ಕಡ್ಡಿಗಳು ಅಷ್ಟೇನೂ ಹಿಡಿಯಲ್ಲ, ಉದ್ದ ವೈರಿರೋ ಮ್ಯಾಗ್ನೆಟ್ ಬೇಸ್ ತಂದು ಆಂಟೆನಾನ ಟೇಬಲ್ ಮೇಲಿಡಿ. ಎರಡು ಆಂಟೆನಾನೂ ಹಾಕಿ, ಒಂದನ್ನ ಖಾಲಿ ಬಿಟ್ರೆ ಸ್ಪೀಡ್ ಬೀಳುತ್ತೆ.