ಅಸೆಟ್ಟೊ ಕೋರ್ಸಾದಾಗ ಜಿ29 ಸ್ಟೇರಿಂಗ್ ಹೆಂಗ ಸೆಟ್ ಮಾಡೂದು?

ನಿಮ್ಮ ಪ್ರಶ್ನೆ ಓದಿದೆ ನೋಡ್ರಿ. ಬಾಗಲಕೋಟ್ಯಾಗ ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಗೇಮಿಂಗ್ ಸ್ಟೇರಿಂಗ್ ತಗೊಂಡೀರಿ, ಅಸೆಟ್ಟೊ ಕೋರ್ಸಾ ಅನ್ನೂ ಕಾರ್ ರೇಸಿನ ಗೇಮ್ ಆಡಾಕತ್ತೀರಿ, ಖರೇ ಕಾರಿನಂಗ ಅನಸ್ಲಿ ಅಂತ ಫೋರ್ಸ್ ಫೀಡ್‌ಬ್ಯಾಕ್ (ಸ್ಟೇರಿಂಗಿನ ಮೋಟಾರ್ ಕೈಗೆ ಕೊಡೂ ಎಳತಾ) ಫುಲ್ ಏರಿಸಿ ಸ್ಟೇರಿಂಗ್ ತಿರುಗೂ ಡಿಗ್ರಿ 540ಕ್ಕ ಇಳಿಸೀರಿ, ಆದ್ರೂ ತಿರುವಿನ್ಯಾಗ ಕಾರು ಹೇಳದ ಕೇಳದ ಜಾರಿ ಹೋಗ್ತೈತಿ, ಯಾವ ನಂಬರ್ ಇಡ್ಲಿ ಅಂತ ಕೇಳೀರಿ. ಕಾರು ಹೇಳಾಕತ್ತೈತ್ರಿ. ನೀವು ಫೋರ್ಸ್ ಫುಲ್ ಇಟ್ಟಿದ್ದಕ್ಕ ಅದರ ಮಾತು ನಿಮ್ಮ ಕೈತನಾ ಬರವಲ್ದು, ಅಷ್ಟ. ನಾನು ಬೆಳಗಾವಿಯಾಂವ, ನಂದೂ ಜಿ29, ಮದ್ಲಿನ ಆರ್ ತಿಂಗಳು ನಿಮ್ಮಂಗ ಫುಲ್ ಫೋರ್ಸ್ ಇಟ್ಕೊಂಡ ಆಡೀನಿ, ಹಂಗಾಗಿ ಇದನ್ನ ಸ್ವಲ್ಪ ಉದ್ದಕ್ಕ ಬರೀತೀನಿ.

ಡಿಗ್ರಿ ವಿಚಾರ ಸಣ್ಣದು, ಮದ್ಲ ಅದನ್ನ ಮುಗಿಸ್ಬಿಡೂಣು. ಜಿ29 ತಿರುಗೂದು 900 ಡಿಗ್ರಿ, ಅಂದ್ರ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಜಿ ಹಬ್ ಅನ್ನೂ ಲಾಜಿಟೆಕ್ ಸಾಫ್ಟ್‌ವೇರಿನ್ಯಾಗ ಆಪರೇಟಿಂಗ್ ರೇಂಜ್ 900 ಇಡ್ರಿ, ಗೇಮಿನ್ಯಾಗೂ 900 ಅಂತ ಕೊಡ್ರಿ, ಆಮ್ಯಾಲೆ ಮುಟ್ಟಬ್ಯಾಡ್ರಿ, ಯಾಕಂದ್ರ ಯಾವ ಕಾರಿನ ಸ್ಟೇರಿಂಗ್ ಎಷ್ಟ್ ತಿರಗ್ತೈತಿ ಅನ್ನೂದು ಅಸೆಟ್ಟೊ ಕೋರ್ಸಾಕ್ಕ ಗೊತ್ತೈತಿ, ಫಾರ್ಮುಲಾ ಕಾರಿಗೆ ಕಡಿಮಿ, ರಸ್ತೆ ಮ್ಯಾಲಿನ ಕಾರಿಗೆ ಜಾಸ್ತಿ, ಅದ ಲೆಕ್ಕ ಹಾಕ್ಕೊಂತೈತಿ. ನೀವು ಜಿ ಹಬ್‌ನ್ಯಾಗ 540 ಮಾಡಿ ಗೇಮಿಗೆ 900 ಅಂತ ಬಿಟ್ಟಿದ್ರ ನಿಮ್ಮ ಕೈ ಒಂದ್ ಲೆಕ್ಕ, ಸ್ಕ್ರೀನ್ ಮ್ಯಾಲಿನ ಸ್ಟೇರಿಂಗ್ ಇನ್ನೊಂದ್ ಲೆಕ್ಕ, ಅದಕ್ಕ ನಿಮಗ ಕಾರು ಹುಚ್ಚುಚ್ಚಾಗಿ ತಿರುಗಿದಂಗ ಅನಸೂದು. ಕಾರು ನಿಲ್ಲಿಸಿ ಸ್ಟೇರಿಂಗ್ ಕಾಲ್ ಸುತ್ತು ತಿರುಗಿಸ್ರಿ, ಸ್ಕ್ರೀನಿನ್ಯಾಗೂ ಕರೆಕ್ಟ್ ಕಾಲ್ ಸುತ್ತ ಬಂದ್ರ ಆತು. ಜಿ ಹಬ್‌ನ್ಯಾಗ ಸೆನ್ಸಿಟಿವಿಟಿ 50ಕ್ಕ ಇರ್ಲಿ, ಗೇಮಿನ್ಯಾಗ ಸ್ಪೀಡ್ ಸೆನ್ಸಿಟಿವಿಟಿ, ಸ್ಟೇರಿಂಗ್ ಫಿಲ್ಟರ್, ಡೆಡ್‌ಝೋನ್ ಎಲ್ಲಾ ಸೊನ್ನೆ. ಅವೆಲ್ಲಾ ಬಟನ್ ಒತ್ತಿ ಆಡೋ ಗೇಮ್‌ಪ್ಯಾಡ್ ಮಂದಿ ಸಲುವಾಗಿ ಅದಾವ.

ಈಗ ಫೋರ್ಸ್. ನಮ್ಮ ಕಾಕಾ ಗೋಕಾಕ ಕಡೆ ಕಬ್ಬಿನ ಸೀಸನ್‌ನ್ಯಾಗ ಟ್ರ್ಯಾಕ್ಟರ್ ಹೊಡೀತಾರ. ಹಿಂದ ಎರಡು ಟ್ರೇಲರ್ ತುಂಬ ಕಬ್ಬು, ಆ ಭಾರಕ್ಕ ಏರಿನ್ಯಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲಾ ಹಿಡಿಯೂದ ಕಡಿಮಿ ಆಗ್ತೈತಿ. ನಾ ಸಣ್ಣಾವ ಇದ್ದಾಗ ಮಡ್‌ಗಾರ್ಡ್ ಮ್ಯಾಲ ಕುಂತಿದ್ದೆ, ಆಗ ಕಾಕಾ ಹೇಳಿದ ಮಾತು, "ಸ್ಟೇರಿಂಗ್ ಹಗುರಾತಂದ್ರ ಗಾಡಿ ನನ್ನ ಮಾತ್ ಕೇಳೂದ್ ಬಿಟ್ಟೈತಿ ಅಂತ ತಿಳ್ಕೋಬೇಕ್ ತಮ್ಮಾ". ರೇಸಿಂಗ್ ಗೇಮಿನ ಫೋರ್ಸ್ ಫೀಡ್‌ಬ್ಯಾಕ್ ಅಂದ್ರ ಇದ ಮಾತು. ತಿರುವಿನ್ಯಾಗ ಮುಂದಿನ ಟೈರು ರಸ್ತೆ ಮ್ಯಾಲ ಸ್ವಲ್ಪ ಸೊಟ್ಟಾಗಿ ಉರುಳ್ತೈತಿ, ಆಗ ರಬ್ಬರ್ ತನ್ನಷ್ಟಕ ತಾನ ನೆಟ್ಟಗಾಗಾಕ ನೋಡ್ತೈತಿ, ಆ ಎಳತಾ ಸ್ಟೇರಿಂಗಿಗೆ ಬರ್ತೈತಿ. ಇನ್ನೂ ತಿರುಗಿಸಿಕೋತ ಹೋದ್ರ ಎಳತಾ ಏರಿ ಏರಿ ಒಂದ್ ಹಂತಕ್ಕ ಇಳ್ಯಾಕ ಶುರು ಆಗ್ತೈತಿ, ಮುಖ್ಯ ಏನಂದ್ರ ಟೈರಿನ ಗ್ರಿಪ್ ಪೂರಾ ಮುಗಿಯೂಕಿಂತ ಸ್ವಲ್ಪ ಮದ್ಲ ಈ ಎಳತಾ ಇಳೀತೈತಿ. ಅಂದ್ರ ಜಾರೂದಕ್ಕಿಂತ ಮದ್ಲ ಕೈಗೆ ಸುದ್ದಿ ಬರ್ತೈತಿ, ಖರೇ ಕಾರಿನ್ಯಾಗೂ ಹಿಂಗ.

ಈಗ ನಿಮ್ಮ ಸ್ಟೇರಿಂಗಿನ ಮೋಟಾರ್ ಕೊಡಬಹುದಾದ ಶಕ್ತಿ 100 ಅಂತ ಇಟ್ಕೋರಿ. ಫೋರ್ಸ್ ಫುಲ್ ಏರಿಸಿದ್ರ ತಿರುವಿನ್ಯಾಗ ಗೇಮು 130 ಕೇಳ್ತೈತಿ, ಮೋಟಾರ್ 100ಕ್ಕ ನಿಂತ ಬಿಡ್ತೈತಿ. ಟೈರು ಗ್ರಿಪ್ ಬಿಡಾಕ ಹತ್ತಿ ಗೇಮು 130ರಿಂದ 105ಕ್ಕ ಇಳಿಸಿದ್ರೂ ನಿಮ್ಮ ಕೈಗೆ ಬರೂದು ಅದ 100, ಏನೂ ಫರಕ್ ಇಲ್ಲ. ಕಾಕಾ ಹೇಳಿದ ಆ ಹಗುರಾಗೂ ಘಳಿಗಿ ನಿಮಗ ಗೊತ್ತಾಗಂಗ ಇಲ್ಲ, ಮುಂದಿನ ಸೆಕೆಂಡಿಗೆ ನೀವು ಹುಲ್ಲಿನ್ಯಾಗ ಇರ್ತೀರಿ. ಇದಕ್ಕ ಕ್ಲಿಪ್ಪಿಂಗ್ ಅಂತಾರ. ಜಾತ್ರ್ಯಾಗ ಸ್ಪೀಕರ್ ಫುಲ್ ಇಟ್ರ ಹಾಡು ಒಡದ ಬರ್ತೈತಲ್ಲ, ಜೋರ್ ಇರ್ತೈತಿ, ಮಾತ್ ಒಂದೂ ತಿಳೀವಲ್ದು, ಹಂಗ. ಜಿ29 ಮೋಟಾರ್ ಸಣ್ಣದು, ಅಂದಾಜು 2 ನ್ಯೂಟನ್ ಮೀಟರ್ ಅಷ್ಟ ಕೊಡೂದು, ಇದ್ದಷ್ಟರಾಗ ಅದು ಸ್ಪಷ್ಟ ಮಾತಾಡ್ಬೇಕಂದ್ರ ಮ್ಯಾಲ ಸ್ವಲ್ಪ ಜಾಗಾ ಬಿಡಾಕ ಬೇಕು.

ಮಾಡೂದ ಹೆಂಗಂದ್ರ, ಗೇಮಿನ್ಯಾಗ ಬಲಗಡೆ ಆಪ್ ಪಟ್ಟಿಯಿಂದ ಪೆಡಲ್ಸ್ ಆಪ್ ಓಪನ್ ಮಾಡ್ರಿ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಜೋಡಿ ಫೋರ್ಸಿಂದೂ ಒಂದ್ ಬೂದು ಪಟ್ಟಿ ಐತಿ, ಕ್ಲಿಪ್ ಆದಾಗ ಅದು ಕೆಂಪಗಾಗ್ತೈತಿ. ಒಂದ ಕಾರ್ ತಗೊಂಡು ನಾಕ್ ಲ್ಯಾಪ್ ಹೊಡೀರಿ, ಉದ್ದಾನ ತಿರುವಿನ್ಯಾಗ ಕೆಂಪ ನಿಂತ ಬಿಟ್ರ ಕೀಬೋರ್ಡಿನ ನಂಬರ್ ಪ್ಯಾಡಿನ್ಯಾಗ ಮೈನಸ್ ಒತ್ತಿ ಇಳಿಸ್ರಿ, ಅದು ಆ ಕಾರಿಗಷ್ಟ ಇಳೀತೈತಿ. ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು ಪಟ್ಟಿ) ಮ್ಯಾಲ ಹಾರಿದಾಗ ಒಂದ್ ಕ್ಷಣ ಕೆಂಪಾದ್ರ ಚಿಂತಿ ಇಲ್ಲ, ತಿರುವಿನ ನಡುವ ಕೆಂಪ ಇರಬಾರದು. ಮದ್ಲಿನ ಎರಡ ದಿನ ಸ್ಟೇರಿಂಗ್ ಸತ್ತಂಗ ಅನಸ್ತೈತಿ, ತಡಕೋರಿ, ಕೈ ಹೊಂದ್ಕೋತೈತಿ.

ಹಗುರ ಮಾಡಿದ ಮ್ಯಾಲ ಇನ್ನೊಂದ್ ತೊಂದ್ರಿ ಕಾಣಸ್ತೈತಿ. ಜಿ29 ಒಳಗ ಗೇರ್ ಹಲ್ಲು ಅದಾವ, ಬೆಲ್ಟ್ ಇಲ್ಲ, ಹಂಗಾಗಿ ಸಣ್ಣ ಸಣ್ಣ ಫೋರ್ಸ್ ಆ ಹಲ್ಲಿನ ತಿಕ್ಕಾಟದಾಗ ಕರಗಿ ಹೋಗ್ತಾವ, ನಡುವ ಸ್ಟೇರಿಂಗ್ ಸಡಲ ಅನಸ್ತೈತಿ. ಅದಕ್ಕ ಮಿನಿಮಮ್ ಫೋರ್ಸ್ ಅಂತ ಒಂದ್ ಸೆಟ್ಟಿಂಗ್ ಐತಿ. ಸೀದಾ ರಸ್ತ್ಯಾಗ ನಿಧಾನಕ್ಕ ಹೊಂಟಾಗ ಕೈ ಬಿಡ್ರಿ, ಸ್ಟೇರಿಂಗ್ ತಾನ ಆಚೀಚಿ ತೊನ್ಯಾಡೂ ತನಕ ಮಿನಿಮಮ್ ಫೋರ್ಸ್ ಒಂದೊಂದ ಏರಿಸ್ರಿ, ತೊನ್ಯಾಡಿತಂದ್ರ ಎರಡು ಇಳಿಸ್ರಿ. ನಂದು 9ರ ಮ್ಯಾಲ ನಿಂತೈತಿ, ನಿಮ್ಮದು ಹಳೇ ಮಷೀನು, ಗೇರ್ ಸವದಿದ್ರ ಬ್ಯಾರೆ ನಂಬರ್ ಬರಬಹುದು, ಅದಕ್ಕ ಯೂಟ್ಯೂಬಿನ್ಯಾಗ ಯಾರೋ ಹೇಳಿದ ನಂಬರ್ ಹಂಗ ಇಳಿಸ್ಕೋಬ್ಯಾಡ್ರಿ. ಇದಕ್ಕಿಂತ ಚೊಲೋ ದಾರಿ ಎಲ್‌ಯುಟಿ ಫೈಲ್, ಅಂದ್ರ ಗೇಮು ಎಷ್ಟ್ ಫೋರ್ಸ್ ಕೇಳಿದ್ರ ಮೋಟಾರಿಗೆ ಎಷ್ಟ್ ಕೊಡಬೇಕು ಅನ್ನೂ ಪಟ್ಟಿ. ವ್ಹೀಲ್‌ಚೆಕ್ ಅನ್ನೂ ಸಣ್ಣ ಪ್ರೋಗ್ರಾಮು ನಿಮ್ಮ ಸ್ಟೇರಿಂಗಿಗೆ ಬ್ಯಾರೆ ಬ್ಯಾರೆ ಫೋರ್ಸ್ ಕೊಟ್ಟು ಅದು ಎಷ್ಟ್ ತಿರುಗಿತು ಅಂತ ಅಳೀತೈತಿ, ಆ ಅಳತಿಯಿಂದ ಎಲ್‌ಯುಟಿ ಜನರೇಟರ್ ಒಂದ್ ಪಟ್ಟಿ ಮಾಡ್ಕೊಡ್ತೈತಿ, ಅದನ್ನ ಕಂಟೆಂಟ್ ಮ್ಯಾನೇಜರ್ (ಈ ಗೇಮ್ ಶುರು ಮಾಡಾಕ, ಸೆಟ್ಟಿಂಗ್ ಬದಲಿಸಾಕ ಇರೋ ಬ್ಯಾರೆ ಪ್ರೋಗ್ರಾಮು) ಮೂಲಕ ಹಾಕಿದ್ರ ಸಣ್ಣ ಫೋರ್ಸೂ ಸರಿಯಾಗಿ ಕೈಗೆ ಬರ್ತೈತಿ. ಎಲ್‌ಯುಟಿ ಹಾಕಿದ್ರ ಮಿನಿಮಮ್ ಫೋರ್ಸ್ ಸೊನ್ನೆ ಮಾಡೂದು, ಮುಖ್ಯ ಗೇನ್ (ಎಲ್ಲಾ ಕಾರಿಗೂ ಸೇರಿ ಒಟ್ಟು ಫೋರ್ಸಿನ ಮಟ್ಟ) 100 ಇಡೂದು, ಕಾರಿಂದ ಕಾರಿಗೆ ಮೈನಸ್ ಬಟನ್ನಿಲೆ ಇಳಿಸೂದು. ಕರ್ಬ್ ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಅಂತ ಇರ್ತಾವಲ್ಲ, ಅವು ಮ್ಯಾಲಿಂದ ಸೇರಿಸಿದ ನಡುಕ, ನಾನು ಸೊನ್ನೆ ಇಟ್ಟೀನಿ. ಬೇಕಂದ್ರ ಕರ್ಬ್ ಒಂದ 10 ಇಡ್ರಿ, ಜಾಸ್ತಿ ಇಟ್ರ ಟೈರಿನ ಮಾತು ಆ ಗದ್ದಲದಾಗ ಮುಚ್ಚಿ ಹೋಗ್ತೈತಿ.

ನೀವು ಬ್ರೇಕ್ ಬಗ್ಗೆ ಕೇಳಿಲ್ಲ, ಆದ್ರ ನನ್ನ ಲ್ಯಾಪ್ ಟೈಮ್ ಸುಧಾರಿಸಿದ್ದು ಸ್ಟೇರಿಂಗಿಗಿಂತ ಬ್ರೇಕಿನಿಂದ. ಜಿ29 ಬ್ರೇಕಿನೊಳಗ ಒಂದ್ ಗಟ್ಟಿ ರಬ್ಬರ್ ಐತಿ, ಮದ್ಲ ಸಡಲ, ಆಮ್ಯಾಲೆ ಒಮ್ಮಿಗೇ ಬಿರಸು. ಪೆಡಲ್ ಅಳಿಯೂದು ಕಾಲು ಎಷ್ಟ್ ದೂರ ಹೋತು ಅಂತ, ನಿಜವಾದ ಕಾರಿನ ಬ್ರೇಕ್ ಕೇಳೂದು ಎಷ್ಟ್ ಜೋರ್ ಒತ್ತಿದ್ರಿ ಅಂತ. ಒತ್ತಿದ ಜೋರು ಅಳಿಯೋ ಲೋಡ್ ಸೆಲ್ ಪೆಡಲ್ ಬ್ಯಾರೆ ಸಿಗ್ತಾವ, ತುಟ್ಟಿ ಅದಾವ, ಈಗ ಬ್ಯಾಡ. ಕಾಲಿಗೆ ಬೂಟ್ ಹಾಕ್ಕೋಬ್ಯಾಡ್ರಿ, ಬರೇ ಸಾಕ್ಸ್ ಸಾಕು. ಪೆಡಲ್ಸ್ ಆಪ್ ನೋಡ್ಕೋತ ನಿಂತ ಕಾರಿನ್ಯಾಗ 50ಕ್ಕ ಒತ್ತಿ ಹಿಡೀರಿ, 80ಕ್ಕ ಹಿಡೀರಿ, ಕಣ್ಣ ಮುಚ್ಚಿ ಹಿಡೀರಿ, ದಿನಾ ಐದ್ ಮಿನಿಟ್. ಅರ್ಧ ಒತ್ತೂದ್ರಾಗ ಗಾಲಿ ಲಾಕ್ ಆಗ್ತಿದ್ರ ಬ್ರೇಕ್ ಗಾಮಾ ಅನ್ನೂ ಸೆಟ್ಟಿಂಗ್ ಸ್ವಲ್ಪ ಏರಿಸ್ರಿ, ಮದ್ಲಿನ ಅರ್ಧ ಮೆತ್ತಗಾಗ್ತೈತಿ. ನಿಮ್ಮ ಕಾರು ತಿರುವಿನ್ಯಾಗ ಜಾರೂದಕ್ಕ ಇದೂ ಒಂದ್ ಕಾರಣ ಇರಬಹುದು, ಯಾಕಂದ್ರ ತಿರುವಿಗೆ ಹೊಕ್ಕ ಕೂಡ್ಲೆ ಬ್ರೇಕ್ ದಪ್ಪಂತ ಬಿಟ್ರ ಮುಂದಿದ್ದ ಭಾರ ಹಿಂದ ಹೋಗಿ ಮುಂದಿನ ಟೈರು ಹಿಡತಾ ಕಳ್ಕೋತೈತಿ. ತಿರುಗಿಸಿಕೋತ ಸಾವಕಾಶ ಬಿಡಾಕ ಕಲೀರಿ.

ಆಮ್ಯಾಲೆ ಕುರ್ಚಿ. ಗಾಲಿ ಇರೋ ಕುರ್ಚಿ ಮ್ಯಾಲ ಕುಂತು ಟೈಲ್ಸ್ ಮ್ಯಾಲ ಬ್ರೇಕ್ ಒತ್ತಿದ್ರ ಕುರ್ಚಿ ಹಿಂದ ಓಡ್ತೈತಿ, ಅಲ್ಲಿಗೆ ಯಾವ ಸೆಟ್ಟಿಂಗೂ ಉಪಯೋಗಿಲ್ಲ. ನಾನು ಇಲ್ಲಿ ಉದ್ಯಮಬಾಗದಾಗ ಒಂದ್ ಫ್ಯಾಬ್ರಿಕೇಶನ್ ಅಂಗಡ್ಯಾಗ ಚೌಕ ಪೈಪಿಂದು ಸ್ಟ್ಯಾಂಡ್ ವೆಲ್ಡ್ ಮಾಡಿಸ್ದೆ, ಚಿತ್ರಾ ಬರದು ಅಳತಿ ಕೊಟ್ಟೆ, ಎರಡ ದಿನದಾಗ ಮಾಡ್ಕೊಟ್ರು, ಪೆಡಲ್ ತಳಕ್ಕೂ ಕುರ್ಚಿ ಕಾಲಿಗೂ ಒಂದ ಫ್ರೇಮ್, ಈಗ ಎಷ್ಟ್ ಒತ್ತಿದ್ರೂ ಅಳಗಾಡಂಗಿಲ್ಲ. ಬಾಗಲಕೋಟ್ಯಾಗೂ ಗ್ರಿಲ್ ಗೇಟ್ ಮಾಡಾವ್ರು ಇರ್ತಾರಲ್ರಿ, ಅವರ ಸಾಕು. ಅಲ್ಲೀತನಾ ಕುರ್ಚಿ ಗ್ವಾಡಿಗೆ ಹಚ್ಚಿ ಕೂಡ್ರಿ.

ಸ್ಕ್ರೀನಿನ ಫೀಲ್ಡ್ ಆಫ್ ವ್ಯೂ (ಗೇಮಿನ ನೋಟ ಎಷ್ಟ್ ಕೋನದಾಗ ಕಾಣಬೇಕು ಅನ್ನೂದು) ಸಹ ಸರಿ ಮಾಡ್ಕೋರಿ. 24 ಇಂಚಿನ ಮಾನಿಟರ್ ಕಣ್ಣಿನಿಂದ 60 ಸೆಂಟಿಮೀಟರ್ ದೂರ ಇದ್ರ ಅಸೆಟ್ಟೊ ಕೋರ್ಸಾದಾಗ ಲೆಕ್ಕಕ್ಕ 28 ಡಿಗ್ರಿ ಸುಮಾರು ಬರ್ತೈತಿ, ಅದು ಎತ್ತರದ ಕೋನ. ಭಾಳ ಇಕ್ಕಟ್ಟ ಅನಸಿದ್ರ 35ರ ತನಕ ಹೋಗ್ರಿ. ಫೀಲ್ಡ್ ಅಗಲ ಇಟ್ರ ತಿರುವು ದೂರ ಕಾಣ್ತಾವ, ಸ್ಪೀಡ್ ಇದ್ದದ್ದಕ್ಕಿಂತ ಜಾಸ್ತಿ ಅನಸ್ತೈತಿ, ಬ್ರೇಕ್ ಎಲ್ಲಿ ಒತ್ತಬೇಕು ಅನ್ನೂದು ತಪ್ತೈತಿ.

ಸೆಕೆಂಡ್ ಹ್ಯಾಂಡ್ ಅಂದ್ರಿ, ಅದಕ್ಕ ಎರಡ ಮಾತು. ಪ್ಲಗ್ ಹಾಕಿದಾಗ ಸ್ಟೇರಿಂಗ್ ತಾನ ಎರಡೂ ಕಡೆ ಪೂರ್ತಿ ತಿರುಗಿ ನಡುವ ನಿಲ್ತೈತಿ, ಆಗ ಕೈ ಹಚ್ಚಬ್ಯಾಡ್ರಿ, ಹಚ್ಚಿದ್ರ ಸೆಂಟರ್ ತಪ್ತೈತಿ. ಆಡ್ಕೋತ ಇದ್ದಾಗ ಕರೆಂಟ್ ಹೋಗಿ ಬಂದ್ರೂ ಹಂಗ, ಮದ್ಲ ಗೇಮ್ ಮುಚ್ಚಿ, ಸ್ಟೇರಿಂಗಿನ ಅಡಾಪ್ಟರ್ ತಗದು ಹಾಕಿ ಆಮ್ಯಾಲೆ ಶುರು ಮಾಡ್ರಿ. ಇನ್ನೊಂದು, ಪೆಡಲ್ ಮುಟ್ಟದ ಇದ್ರೂ ಬ್ರೇಕ್ ಪಟ್ಟಿ ಚಟ್ ಚಟ್ ಅಂತ ಹಾರಾಡಾಕ ಹತ್ತಿದ್ರ ಒಳಗಿನ ಪೊಟೆನ್ಶಿಯೊಮೀಟರಿಗೆ (ಪೆಡಲ್ ಎಷ್ಟ್ ದೂರ ಹೋತು ಅಂತ ಅಳಿಯೂ ಭಾಗಕ್ಕ) ಧೂಳು ಹೊಕ್ಕೈತಿ ಅಂತ ಅರ್ಥ, ನಮ್ಮ ಕಡೆ ಬ್ಯಾಸಗಿ ಧೂಳಿಗೆ ಇದು ಬರೂದ. ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗ್ತೈತಿ, ಪ್ಲಗ್ ತಗದು ಹೊಡೀರಿ, ಪೆಡಲ್ ಐವತ್ ಸಲ ಒತ್ರಿ, ಪೂರ್ತಿ ಒಣಗಿದ ಮ್ಯಾಲ ಹಚ್ರಿ.

ಇಷ್ಟ ಮುಗಿಸಿ ಬಿಎಂಡಬ್ಲ್ಯೂ ಎಂ3 ಇ30 ತಗೊಂಡ ಮ್ಯಾಜಿಯೋನೆ ಟ್ರ್ಯಾಕಿಗೆ ಹೋಗ್ರಿ, ಎರಡೂವರೆ ಕಿಲೋಮೀಟರಿನ ಸಣ್ಣ ಟ್ರ್ಯಾಕ್ ಅದು, ತಿರುವು ಮ್ಯಾಲಿಂದ ಮ್ಯಾಲ ಬರ್ತಾವ. ಒಂದ್ ವಾರ ಕಾರೂ ಬದಲಿಸಬ್ಯಾಡ್ರಿ, ಟ್ರ್ಯಾಕೂ ಬದಲಿಸಬ್ಯಾಡ್ರಿ. ಬೇಕಂತ ಸ್ವಲ್ಪ ಜೋರ್ ಹೋಗಿ ಜಾಸ್ತಿ ತಿರುಗಿಸಿ ಸ್ಟೇರಿಂಗ್ ಎಲ್ಲಿ ಹಗುರಾಗ್ತೈತಿ ಅಂತ ಹುಡುಕ್ರಿ, ಸಿಕ್ಕ ಕೂಡ್ಲೆ ಕೈ ಸ್ವಲ್ಪ ಹಿಂದ ತಗೀರಿ, ಟೈರು ಮತ್ತ ಹಿಡೀತೈತಿ. ಹತ್ತ ಲ್ಯಾಪ್ ಆದ್ರೂ ಆ ಹಗುರಾಗೂದು ಕೈಗೆ ಸಿಗಲಿಲ್ಲಂದ್ರ ಮೈನಸ್ ಒತ್ತಿ ಇನ್ನೊಂದ ಐದ್ ಇಳಿಸ್ರಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ.