ಆಗಸ್ಟಿನಲ್ಲಿ ಅಮಾಲ್ಫಿ, ಒಂಬತ್ತು ಜನ: ಮೊದಲು ಆ ವ್ಯಾನ್ ಕ್ಯಾನ್ಸಲ್ ಮಾಡಿ

ಸರ್, ಇಟಲಿಯ ಅಮಾಲ್ಫಿ ಕರಾವಳಿಗೆ ನೀವು ಇಲ್ಲಿ ಹಾಕಿರುವ ಪ್ಲಾನ್ ಓದಿ ಸುಮ್ಮನಿರಲು ಆಗಲಿಲ್ಲ. ಆಗಸ್ಟ್ 9ರಿಂದ 17, ಅಮ್ಮ ಮತ್ತು ಇಬ್ಬರು ಮಕ್ಕಳೂ ಸೇರಿ ಒಂಬತ್ತು ಜನ, ನೇಪಲ್ಸ್ ಏರ್‌ಪೋರ್ಟಿನಲ್ಲಿ 9 ಸೀಟಿನ ವ್ಯಾನ್ ತಗೊಂಡು ಪೊಸಿಟಾನೊದಲ್ಲಿ ಒಂದೇ ಮನೆಯಲ್ಲಿ ಎಂಟು ರಾತ್ರಿ. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಫ್ಲೈಟ್ ಟಿಕೆಟ್ ಆಗಿದೆ, ತಾರೀಖು ಬದಲಾಗಲ್ಲ ಅಂದಿದ್ದೀರಿ. ಸರಿ. ಆದರೆ ವ್ಯಾನೂ ಮನೆಯೂ ಇನ್ನೂ ಫ್ರೀ ಕ್ಯಾನ್ಸಲೇಶನ್‌ನಲ್ಲಿವೆ ಅಂತಲೂ ಬರೆದಿದ್ದೀರಿ. ಎರಡನ್ನೂ ಬಿಡಿ. ಮನೆ ಬದಲಾಯಿಸುವುದನ್ನು ವೀಸಾ ಅರ್ಜಿ ಹಾಕುವ ಮೊದಲೇ ಮುಗಿಸಿ, ಆಮೇಲೆ ಪೇಪರ್ ತಾಳೆಯಾಗದೆ ಒದ್ದಾಡುವುದು ಬೇಡ.

ವ್ಯಾನ್ ಯಾಕೆ ಬೇಡ ಅಂತ ಹೇಳುತ್ತೇನೆ. 9 ಸೀಟು ಅಂದರೆ ಡ್ರೈವರನ್ನೂ ಸೇರಿಸಿ ಒಂಬತ್ತು. ಎಲ್ಲ ಸೀಟೂ ತುಂಬಿದ ಮೇಲೆ ಮಾಮೂಲಿ ಉದ್ದದ ಗಾಡಿಯ ಹಿಂದೆ ಒಂಬತ್ತು ಜನರ ಚೆಕ್-ಇನ್ ಸೂಟ್‌ಕೇಸ್ ಹಿಡಿಸುವುದಿಲ್ಲ. ಉದ್ದದ ಮಾಡೆಲ್ ತಗೊಂಡರೆ ಲಗೇಜ್ ಹಿಡಿಸುತ್ತದೆ, ಆದರೆ ಆ ಗಾಡಿಯನ್ನು ಎಸ್‌ಎಸ್ 163 ಅನ್ನುವ ಕಡಲಂಚಿನ ರಸ್ತೆಯಲ್ಲಿ ಎದುರಿಂದ ಬಸ್ ಬಂದಾಗ ತಿರುವಿನಲ್ಲಿ ರಿವರ್ಸ್ ತೆಗೆಯಬೇಕಾಗುತ್ತದೆ, ಅದೂ ಎಡಗೈ ಸ್ಟಿಯರಿಂಗಿನಲ್ಲಿ. ನಮ್ಮ ಆಗುಂಬೆ ಘಾಟಿ ಓಡಿಸಿದ್ದೇನೆ ಅನ್ನುವ ಧೈರ್ಯ ಇಲ್ಲಿ ಸಾಲದು. ಘಾಟಿಯಲ್ಲಿ ತಿರುವು ಮಾತ್ರ ಇರುತ್ತದೆ, ಇಲ್ಲಿ ತಿರುವಿನ ಜೊತೆಗೆ ಒಂದು ಬದಿ ಮನೆಯ ಗೋಡೆ, ಇನ್ನೊಂದು ಬದಿ ನಿಲ್ಲಿಸಿದ ಸ್ಕೂಟರ್ ಸಾಲು.

ಅದಕ್ಕಿಂತ ದೊಡ್ಡ ಸಮಸ್ಯೆ ನಂಬರ್ ಪ್ಲೇಟಿನದು. 2022ರಿಂದ ಆ ರಸ್ತೆಯಲ್ಲಿ ಪೊಸಿಟಾನೊದಿಂದ ಪೂರ್ವ ತುದಿಯ ವಿಯೆತ್ರಿವರೆಗೆ ಸಮ-ಬೆಸ ನಿಯಮ ಬಂದಿದೆ, ದೆಹಲಿಯಲ್ಲಿ ಮಾಡಿದ್ದರಲ್ಲ, ಆ ಥರ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಶನಿವಾರ-ಭಾನುವಾರ, ಆಗಸ್ಟಿನಲ್ಲಿ ಪ್ರತಿದಿನ, ಬೆಳಗ್ಗೆ 10ರಿಂದ ಸಂಜೆ 6. ಇಟಲಿಯ ಪ್ಲೇಟ್ ಅಕ್ಷರದಲ್ಲಿ ಮುಗಿಯುತ್ತದೆ, ಲೆಕ್ಕಕ್ಕೆ ಬರುವುದು ಮಧ್ಯದ ಮೂರು ಅಂಕಿಗಳಲ್ಲಿ ಕೊನೆಯದು. ಬಾಡಿಗೆ ಗಾಡಿಗೆ ಯಾವ ನಂಬರ್ ಸಿಗುತ್ತದೆ ಅಂತ ಕೌಂಟರಿನಲ್ಲಿ ಕೀ ಕೈಗೆ ಬಂದ ಮೇಲೆಯೇ ತಿಳಿಯುವುದು. ಅಂದರೆ ಎಂಟು ದಿನದಲ್ಲಿ ಸುಮಾರು ನಾಲ್ಕು ದಿನ ಹಗಲು ಹೊತ್ತು ನಿಮ್ಮ ವ್ಯಾನ್ ಆ ಭಾಗಕ್ಕೆ ಇಳಿಯುವಂತಿಲ್ಲ, ಆದರೂ ಅದರ ಬಾಡಿಗೆ, ಪಾರ್ಕಿಂಗ್ ಎರಡೂ ಓಡುತ್ತಿರುತ್ತವೆ. ಪೊಸಿಟಾನೊದ ಗ್ಯಾರೇಜುಗಳು ಗಂಟೆಗೆ 8-10 ಯೂರೋ ಕೇಳುವುದು ಸಾಮಾನ್ಯ, ಎತ್ತರದ ವ್ಯಾನನ್ನು ಒಳಗೇ ಬಿಡದವರೂ ಇದ್ದಾರೆ. ನಿಯಮದ ಆದೇಶ ಹೊರಡಿಸುವುದು ಅನಾಸ್, ಅಂದರೆ ಅಲ್ಲಿನ ರಾಷ್ಟ್ರೀಯ ರಸ್ತೆ ಸಂಸ್ಥೆ. ನೀವು ಹೋಗುವ ವರ್ಷದ ಆದೇಶವನ್ನೇ ನೋಡಿ, ಯೂಟ್ಯೂಬ್ ವ್ಲಾಗ್ ನಂಬಬೇಡಿ.

ಇಷ್ಟಾದ ಮೇಲೂ ಗಾಡಿ ಬೇಕೇ ಬೇಕು ಅನ್ನುವವರಿಗೆ: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜೊತೆ ನಮ್ಮ ಲೈಸೆನ್ಸೂ ಕೈಯಲ್ಲಿರಬೇಕು. ಡೆಪಾಸಿಟ್‌ಗೆ ಡ್ರೈವರ್ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು, ಫಾರೆಕ್ಸ್ ಕಾರ್ಡಿನಲ್ಲಿ ಹಣ ತುಂಬಿಕೊಂಡು ಹೋಗಿ ಕೌಂಟರಿನಲ್ಲಿ ವಾದ ಮಾಡಿದರೆ ಪ್ರಯೋಜನವಿಲ್ಲ. ಊರಿನ ಹಳೆ ಭಾಗದ ಜೆಡ್‌ಟಿಎಲ್ (ಹೊರಗಿನ ಗಾಡಿಗಳಿಗೆ ನಿಷೇಧವಿರುವ ವಲಯ) ಬೋರ್ಡ್ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಟ್ಟಲೆ ಬಿಟ್ಟು ಮನೆಗೆ ಬರುತ್ತದೆ, ಬಾಡಿಗೆ ಕಂಪನಿ ತನ್ನ ಶುಲ್ಕವನ್ನು ಬೇರೆ ಕಡಿತ ಮಾಡುತ್ತದೆ. ಒಂದೂವರೆ ಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ.

"ಹಾಗಾದರೆ ಡ್ರೈವರ್ ಸಮೇತ ಗಾಡಿ ತಗೊಳ್ಳಿ" ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅಲ್ಲಿ ಅದಕ್ಕೆ ಎನ್‌ಸಿಸಿ ಅನ್ನುತ್ತಾರೆ, ಸಮ-ಬೆಸ ಅವರಿಗೆ ತಗಲುವುದಿಲ್ಲ, ಒಳ್ಳೆಯದೇ. ಆದರೆ ಅವರ ವಿಟೋ, ವಿ-ಕ್ಲಾಸ್ ಗಾಡಿಗಳಲ್ಲಿ ಡ್ರೈವರ್ ಬಿಟ್ಟು ಹೆಚ್ಚೆಂದರೆ ಎಂಟೇ ಜನ. ನೀವು ಒಂಬತ್ತು. ಆ ಒಬ್ಬರಿಗಾಗಿ ಎರಡನೇ ಗಾಡಿ, ಇಲ್ಲವೇ ಮಿನಿಬಸ್, ಎರಡರಲ್ಲೂ ಬಿಲ್ ಏರುತ್ತದೆ. ಮುಂದೆ ಯಾರೇ ಈ ಕರಾವಳಿಗೆ ಗುಂಪು ಕಟ್ಟಿದರೂ ಎಂಟಕ್ಕೆ ನಿಲ್ಲಿಸಿ. ನಿಮ್ಮ ಗುಂಪು ಈಗಾಗಲೇ ಒಂಬತ್ತು ಆಗಿರುವುದರಿಂದ ಎನ್‌ಸಿಸಿಯನ್ನು ಅಮ್ಮ ಮತ್ತು ಮಕ್ಕಳಿಗೆ ಬೇಕಾದ ಒಂದೆರಡು ದಿನಕ್ಕೆ ಮಾತ್ರ ಇಟ್ಟುಕೊಳ್ಳಿ.

ಈಗ ನಾನು ಹೇಳುವ ದಾರಿ: ಎಂಟೂ ರಾತ್ರಿ ವಿಯೆತ್ರಿ ಪಕ್ಕದ ಸಲೆರ್ನೊ ನಗರದಲ್ಲಿ ಇಳಿದುಕೊಳ್ಳಿ, ಊರುಗಳಿಗೆ ಫೆರಿಯಲ್ಲಿ ಹೋಗಿ ಬನ್ನಿ. ಏರ್‌ಪೋರ್ಟಿನಿಂದ ಅಲಿಬಸ್ (ಏರ್‌ಪೋರ್ಟ್ ಬಸ್) ಹಿಡಿದು ನಾಪೊಲಿ ಚೆಂತ್ರಾಲೆ, ಅಂದರೆ ನೇಪಲ್ಸಿನ ಮುಖ್ಯ ರೈಲು ನಿಲ್ದಾಣ, ಅಲ್ಲಿಂದ ರೀಜನಲ್ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ರೋಮಿನಲ್ಲಿ ಇಳಿಯುವವರಿಗೆ ಫ್ರೆಚ್ಚಾರೊಸ್ಸ, ಇಟಾಲೊ ಅನ್ನುವ ಹೈಸ್ಪೀಡ್ ರೈಲುಗಳು ಎರಡೂ ನೇರ ಸಲೆರ್ನೊವರೆಗೇ ಬರುತ್ತವೆ. ಎರಡರ ಸೀಟಿನಲ್ಲೂ ಅಂಥ ವ್ಯತ್ಯಾಸವಿಲ್ಲ, ನಿಮ್ಮ ಹೊತ್ತಿಗೆ ಹೊಂದುವುದನ್ನು ತಗೊಳ್ಳಿ. ಆದರೆ ತೀರಾ ಅಗ್ಗದ ಟಿಕೆಟ್ ಬದಲಾಯಿಸಲು ಬರುವುದಿಲ್ಲ, ಫ್ಲೈಟ್ ತಡವಾದರೆ ಒಂಬತ್ತು ಟಿಕೆಟ್ಟೂ ಹೋಯಿತು. ಇಳಿದ ದಿನದ ಪ್ರಯಾಣಕ್ಕೆ ಬದಲಾಯಿಸಬಹುದಾದ ದರವನ್ನೇ ಕೊಳ್ಳಿ, ಇಲ್ಲಿ ಜಿಪುಣತನ ಬೇಡ. ಇನ್ನೊಂದು ಎಡವಟ್ಟು: ರೈಲಿನ ಆ್ಯಪಿನಲ್ಲಿ "ವಿಯೆತ್ರಿ ಸುಲ್ ಮಾರೆ-ಅಮಾಲ್ಫಿ" ಅಂತ ಸ್ಟೇಷನ್ ಕಾಣುತ್ತದೆ. ಹೆಸರಿನಲ್ಲಿ ಅಮಾಲ್ಫಿ ಇದ್ದರೂ ಅದು ಅಮಾಲ್ಫಿಯಿಂದ ಸುಮಾರು 20 ಕಿ.ಮೀ. ದೂರ. ಅಮಾಲ್ಫಿಗೂ ಪೊಸಿಟಾನೊಗೂ ರೈಲೇ ಇಲ್ಲ.

ಸಲೆರ್ನೊ ಸ್ಟೇಷನ್ನಿನಿಂದ ಪಿಯಾಜ್ಜಾ ಡೆಲ್ಲಾ ಕೊಂಕೋರ್ಡಿಯಾ ಜೆಟ್ಟಿ ಸ್ವಲ್ಪ ನಡಿಗೆ, ನೆಲ ಸಮತಟ್ಟು. ಟ್ರಾವೆಲ್‌ಮಾರ್ ಕಂಪನಿಯ ಬೋಟುಗಳು ಅಲ್ಲಿಂದ ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿಟಾನೊಗೆ 70 ನಿಮಿಷದಲ್ಲಿ ಮುಟ್ಟಿಸುತ್ತವೆ. ಆಗಸ್ಟಿನ ಹಗಲಿನಲ್ಲಿ ಇದೇ ದೂರ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಯಾರೂ ಹೇಳಲಾರರು. ಟಿಕೆಟ್ ಆನ್‌ಲೈನಿನಲ್ಲಿ ಹಿಂದಿನ ದಿನವೇ ತಗೊಳ್ಳಿ, ಹೋಗಲು ಬೆಳಗಿನ ಮೊದಲ ಬೋಟ್. ಬರುವುದಕ್ಕೆ ಕೊನೆಯ ಬೋಟ್ ಬೇಡ, ಅದರ ಹಿಂದಿನದು. ಕೊನೆಯದು ತಪ್ಪಿದರೆ ಅಥವಾ ಸಂಜೆ ಅಲೆ ಎದ್ದು ರದ್ದಾದರೆ ಎಲ್ಲರೂ ಒಂದೇ ಬಸ್ಸಿಗೆ ಮುಗಿಬೀಳುತ್ತಾರೆ. ಗಾಳಿ ಜೋರಿದ್ದ ದಿನ ಬೋಟ್ ಓಡುವುದಿಲ್ಲ, ಆ ದಿನಕ್ಕೆ ಪೊಂಪೆಯಿ (ಪುರಾತನ ರೋಮನ್ ಊರಿನ ಅವಶೇಷ) ಇಟ್ಟುಕೊಳ್ಳೋಣ ಅನ್ನಿಸುತ್ತದೆ, ಆದರೆ ಪೊಂಪೆಯಿಗೆ 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರೂ ಇರುತ್ತದೆ. ಹಾಗಾಗಿ ಅದನ್ನು ಮೊದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ಹೆಸರನ್ನೇ ಹಾಕಿ. ಗಾಳಿ ದಿನಕ್ಕೆ ಸಲೆರ್ನೊದ ಹಳೇ ಪೇಟೆ, ಇಲ್ಲವೇ ರೈಲಿನಲ್ಲಿ ನೇಪಲ್ಸ್ ಸಾಕು. ಪೊಂಪೆಯಿಗೂ ಎರಡು ಸ್ಟೇಷನ್: ನೀವು ಸಲೆರ್ನೊದಿಂದ ಹೋದರೆ ಇಳಿಯುವುದು ಊರೊಳಗಿನ ಪೊಂಪೆಯಿ ಸ್ಟೇಷನ್, ಅಲ್ಲಿಂದ ಆಂಫಿಥಿಯೇಟರ್ ಗೇಟ್ ಹತ್ತಿರ. ಸೊರೆಂಟೊ ಕಡೆಯ ರೈಲು ನಿಲ್ಲುವುದು ಇನ್ನೊಂದು ಗೇಟಿನ ಎದುರು. ಗುಂಪು ಎರಡಾಗಿ ಎರಡು ಗೇಟಿನಲ್ಲಿ ಕಾಯುವುದು ಇಲ್ಲೇ.

ಕಾಪ್ರಿ ದ್ವೀಪವನ್ನು ಆಗಸ್ಟಿನಲ್ಲಿ ಬಿಡಿ ಅಂತಲೇ ನನ್ನ ಸಲಹೆ. ಹಠ ಇದ್ದರೆ, ಸಲೆರ್ನೊದಿಂದ ಕಾಪ್ರಿ ಬೋಟ್ ಸಾಮಾನ್ಯವಾಗಿ ಹೊರಡುವುದು ಇನ್ನೊಂದು ಜೆಟ್ಟಿಯಾದ ಮೋಲೊ ಮನ್‌ಫ್ರೆದಿಯಿಂದ, ಟಿಕೆಟ್ಟಿನಲ್ಲಿ ಜೆಟ್ಟಿಯ ಹೆಸರು ನೋಡಿಕೊಳ್ಳಿ. ಅಷ್ಟು ದೂರ ಹೋಗಿಯೂ ಅಲೆ ಇದ್ದರೆ ಅಲ್ಲಿನ ಪ್ರಸಿದ್ಧ ನೀಲಿ ಗುಹೆ ಮುಚ್ಚಿರುತ್ತದೆ.

ಬಸ್ ಪೂರ್ತಿ ತಪ್ಪಿಸಲಾಗದು. ಸೀಟಾ ಬಸ್ಸಿನ ಟಿಕೆಟ್ ತಬಾಕ್ಕಿ (ಬೀಡಿ-ಸಿಗರೇಟ್) ಅಂಗಡಿಯಲ್ಲಿ ಮುಂಚೆಯೇ ಕೊಂಡು, ಹತ್ತಿದ ಕೂಡಲೇ ಮೆಶಿನ್ನಿಗೆ ಹಾಕಬೇಕು. ಪೊಸಿಟಾನೊದ ಸ್ಪೋಂಡಾ ಸ್ಟಾಪಿನಲ್ಲಿ ಸಂಜೆ ಹೊತ್ತು ತುಂಬಿದ ಬಸ್ ನಿಲ್ಲದೆ ಹೋಗುತ್ತದೆ, ನಿಂತರೂ ಹತ್ತುವುದು ಮೂವರೋ ನಾಲ್ವರೋ. ಆದ್ದರಿಂದ ಬಸ್ ಹಿಡಿಯುವುದಿದ್ದರೆ ಅದು ಹೊರಡುವ ಜಾಗದಿಂದಲೇ ಹಿಡಿಯಿರಿ, ಅಮಾಲ್ಫಿಯಲ್ಲಿ ಅದು ಪಿಯಾಜ್ಜಾ ಫ್ಲಾವಿಯೊ ಜೋಯಾ. ಮತ್ತು ಮನೆ ಬಿಡುವ ಮುಂಚೆಯೇ 4-5 ಅಂತ ಎರಡು ತಂಡ ಮಾಡಿ, ಪ್ರತಿ ತಂಡಕ್ಕೆ ಒಬ್ಬ ದೊಡ್ಡವರ ಕೈಯಲ್ಲಿ ಟಿಕೆಟ್, ನಡೆಯುವ ಸಿಮ್ ಮತ್ತು ಮನೆಯ ಕೀ. ಬಸ್ಸಿನ ಬಾಗಿಲಲ್ಲಿ ನಿಂತು "ಎಲ್ಲರೂ ಬಂದ್ರಾ" ಅಂತ ಕೂಗುತ್ತಾ ಡ್ರೈವರ್ ಕೈಲಿ ಬೈಸಿಕೊಳ್ಳಬೇಡಿ, ಅರ್ಧ ಗುಂಪು ಮುಂದೆ ಹೋಗಲಿ. ಮಕ್ಕಳಿಗೆ ವಾಂತಿ ಆಗುವ ರಸ್ತೆ ಇದು. ಅವೋಮಿನ್ ಥರದ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಊರಿಂದಲೇ ಒಯ್ಯಿರಿ, ಹೊರಡುವ ಮುಂಚೆ ಕೊಡಬೇಕು, ತಿರುವು ಶುರುವಾದ ಮೇಲಲ್ಲ.

ಆಗಸ್ಟ್ 15 ಅಲ್ಲಿ ಫೆರಾಗೊಸ್ತೊ, ದೇಶವೇ ರಜೆ. ವೇಳಾಪಟ್ಟಿಯಲ್ಲಿ "ಫೆರಿಯಾಲೆ" ಅಂದರೆ ಕೆಲಸದ ದಿನ (ಶನಿವಾರವೂ ಸೇರಿ), "ಫೆಸ್ತಿವೊ" ಅಂದರೆ ಭಾನುವಾರ ಮತ್ತು ಹಬ್ಬ. 15ರಂದು ಫೆಸ್ತಿವೊ ಸಾಲನ್ನೇ ನೋಡಬೇಕು, ಬಸ್ ಕಮ್ಮಿ. ಟಿಕೆಟ್, ಹಾಲು, ತರಕಾರಿ 14ರ ಸಂಜೆಗೇ ತಂದಿಡಿ. ಪೊಸಿಟಾನೊ, ಮಯೋರಿ ಎರಡರಲ್ಲೂ ಆ ದಿನ ಮಾತೆ ಮರಿಯಳ ಹಬ್ಬ, ಮೆರವಣಿಗೆ ಚೆನ್ನಾಗಿರುತ್ತದೆ. ನೋಡಬೇಕೆಂದರೆ ವಾಪಸ್ ಬರುವ ವ್ಯವಸ್ಥೆ ಮೊದಲು ಖಚಿತ ಮಾಡಿಕೊಳ್ಳಿ.

ಬೀಚಿಗೆ ಮಯೋರಿ. ಈ ಕರಾವಳಿಯ ಅತಿ ಉದ್ದದ ಬೀಚ್, ಊರೂ ಸಮತಟ್ಟು, ಅಮ್ಮನವರ ಮಂಡಿಗೆ ಒಳ್ಳೆಯದು. ಲಿಡೊಗಳಲ್ಲಿ (ಹಣ ಕೊಟ್ಟು ಕೂರುವ ಬೀಚು) ಸಾಮಾನ್ಯವಾಗಿ ಒಂದು ಕೊಡೆ, ಎರಡು ಮಲಗುವ ಕುರ್ಚಿ ಒಂದು ಸೆಟ್. ಒಂಬತ್ತು ಜನಕ್ಕೆ ಐದು ಸೆಟ್ ಬೇಕಿಲ್ಲ, ಮೂರು ಸಾಕು, ಒಮ್ಮೆಗೆ ಅರ್ಧ ಜನ ನೀರಲ್ಲೇ ಇರುತ್ತಾರೆ. ಮೊದಲೇ ಮೆಸೇಜ್ ಮಾಡಿ ಕಾದಿರಿಸಿ, ಇಲ್ಲದಿದ್ದರೆ ಎಂಟೂವರೆಯೊಳಗೆ ಹೋಗಿ ಉಚಿತ ಬೀಚಿನಲ್ಲಿ ಚಾಪೆ ಹಾಕಿ. ಕಡಲಂಚು ಸಣ್ಣ ಕಲ್ಲು ಬೆರೆತ ಮರಳು, ಮಧ್ಯಾಹ್ನ ಕಾದ ಹೆಂಚು. ಡೆಕಾಥ್ಲಾನಿನ ಅಗ್ಗದ ಆಕ್ವಾ ಶೂ ಧಾರಾಳ ಸಾಕು, ದುಬಾರಿ ಬ್ರ್ಯಾಂಡ್ ಬೇಡ.

ಮನೆ ಹುಡುಕುವಾಗ ಫೋಟೊದ ಸಮುದ್ರ ನೋಡಿ ಮರುಳಾಗದೆ ಇಷ್ಟು ಕೇಳಿ: ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯಾ, ಒಂಬತ್ತು ಹಾಸಿಗೆಯಲ್ಲಿ ಸೋಫಾ ಬೆಡ್ ಎಷ್ಟು, ಎಸಿ ಪ್ರತಿ ರೂಮಿಗಾ ಹಾಲಿಗೆ ಮಾತ್ರವಾ, ಸರ್ಕಾರಿ ನೋಂದಣಿಯ ಸಿಐಎನ್ ನಂಬರ್ ಏನು. 2025ರಿಂದ ಪ್ರವಾಸಿ ಬಾಡಿಗೆ ಮನೆಗೆ ಆ ನಂಬರ್ ಕಡ್ಡಾಯ, ಕೊಡದವರ ಮನೆ ಬೇಡ. ಆಗಸ್ಟಿನಲ್ಲಿ ಶನಿವಾರದಿಂದ ಶನಿವಾರಕ್ಕೇ ಕೊಡುವವರು ಬಹಳ, ನಿಮ್ಮ ತಾರೀಖಿಗೆ ಒಂದೇ ದೊಡ್ಡ ಮನೆ ಸಿಗದಿದ್ದರೆ ಒಂದೇ ಕಟ್ಟಡದಲ್ಲಿ ಎರಡು ಸಣ್ಣ ಮನೆ ಹಿಡಿಯಿರಿ. ಎರಡು ಬಾತ್‌ರೂಮ್, ಎರಡು ಕರೆಂಟ್ ಮೀಟರ್.

ಆ ಮೀಟರ್ ವಿಷಯ ಯಾರೂ ಹೇಳುವುದಿಲ್ಲ. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ಸಂಪರ್ಕ ಮಾತ್ರ. ಎರಡು ಎಸಿ, ಗೀಸರ್ ಓಡುತ್ತಿರುವಾಗ 2 ಕಿಲೋವ್ಯಾಟಿನ ಕೆಟಲ್ ಹಾಕಿದರೆ ಟಪ್ ಅಂತ ಹೋಗುತ್ತದೆ, ಮತ್ತೆ ಎತ್ತಬೇಕಾದ ಸ್ವಿಚ್ ಎಷ್ಟೋ ಕಡೆ ಕೆಳಗಡೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಮೊದಲ ದಿನವೇ ಮಾಲೀಕರನ್ನು "ಕೊಂತಾತೋರೆ (ಮೀಟರ್) ಎಲ್ಲಿ" ಅಂತ ಕೇಳಿ ಕಣ್ಣಾರೆ ನೋಡಿಡಿ. ಇಂಡಕ್ಷನ್ ಒಲೆ ಒಯ್ಯಬೇಡಿ, 400-500 ವ್ಯಾಟಿನ ಸಣ್ಣ ರೈಸ್ ಕುಕ್ಕರ್ ಸಾಕು. ನಮ್ಮ ದಪ್ಪ ಮೂರು ಪಿನ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು.

ತಿನ್ನುವ ಸಾಮಾನಿನಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಸರಿ. ತುಪ್ಪ, ಪೇಡ, ಹಸಿ ಕರಿಬೇವು ಬೇಡ: ಹೊರದೇಶದ ಹಾಲಿನ ಪದಾರ್ಥ, ಹಸಿ ಸೊಪ್ಪು ಒಳಗೆ ಬಿಡುವುದಿಲ್ಲ. ಶುದ್ಧ ಸಸ್ಯಾಹಾರಿಗಳಿದ್ದರೆ ಗಮನಿಸಿ, ಪಾರ್ಮೆಜಾನೊ ಚೀಸಿಗೆ ಕರುವಿನ ಹೊಟ್ಟೆಯ ರೆನ್ನೆಟ್ ಹಾಕುತ್ತಾರೆ. ಮೀನುಗಾರರ ಊರಾದ ಚೆತಾರಾ ಕಡೆಯ ಪಾಸ್ತಾದಲ್ಲಿ ಮೀನು ಕಾಣದಿದ್ದರೂ "ಕೊಲಾತುರಾ" ಅನ್ನುವ ಮೀನಿನ ರಸ ಇರುತ್ತದೆ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಅಲಿಚಿ" (ಮಾಂಸ ಬೇಡ, ಮೀನು ಬೇಡ, ಆಂಚೊವಿ ಮೀನೂ ಬೇಡ) ಅಂತ ಮೂರನ್ನೂ ಹೇಳಿ, ಬರೀ ವೆಜಿಟೇರಿಯನ್ ಅಂದರೆ ಸಾಲದು. ಮರಿನಾರಾ ಪಿಜ್ಜಾ ಹೆಸರು ಕೇಳಿ ಮೀನು ಅಂದುಕೊಳ್ಳಬೇಡಿ, ಅದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸೂ ಇಲ್ಲ. ಅಮ್ಮನವರಿಗೆ ಅದೇ ಸರಿ, ಬೆಳ್ಳುಳ್ಳಿ ತಿನ್ನುತ್ತಾರಾದರೆ. ಒಂಬತ್ತು ಜನರ ಟೇಬಲ್ ಬುಕ್ ಮಾಡದೆ ಸಿಗದು, ತಲೆಗೆ ಇಷ್ಟು ಅಂತ ಕೊಪೆರ್ತೊ ಅನ್ನುವ ಟೇಬಲ್ ಶುಲ್ಕ ಬಿಲ್ಲಿನಲ್ಲಿ ಬರುತ್ತದೆ, ಅದು ಮೋಸವಲ್ಲ.

ವೀಸಾ ಇನ್ನೂ ಹಾಕಿಲ್ಲ ಅಂದಿದ್ದೀರಿ, ಇದು ಸರಿಯಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಬೇಸಿಗೆ ರಜೆ ಹೊತ್ತಿಗೆ ಬೆಂಗಳೂರಿನ ಸ್ಲಾಟುಗಳು ಖಾಲಿಯಾಗುತ್ತವೆ. ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರಬೇಕು. ಎಲ್ಲರ ಹೆಸರೂ ಮನೆ ಬುಕಿಂಗಿನಲ್ಲಿ ಇರುವ ಹಾಗೆ ಮಾಲೀಕರಿಂದ ಮೇಲ್ ಬರೆಸಿಕೊಳ್ಳಿ, ಒಬ್ಬರ ಹೆಸರಿನ ಬುಕಿಂಗ್ ಉಳಿದ ಎಂಟು ಜನಕ್ಕೆ ಪುರಾವೆಯಾಗುವುದಿಲ್ಲ.

ಬೆಟ್ಟದ ಮೇಲಿನ ಊರು ರಾವೆಲ್ಲೊ ಮಾತ್ರ ತಪ್ಪಿಸಬೇಡಿ, ಎನ್‌ಸಿಸಿ ಹಣವನ್ನು ಆ ದಿನಕ್ಕೆ ಖರ್ಚು ಮಾಡಿ. ಚೌಕದಿಂದ ವಿಲ್ಲಾ ರೂಫೊಲೊ ಅನ್ನುವ ಹಳೇ ಬಂಗಲೆ-ತೋಟ ಒಂದೇ ಹೆಜ್ಜೆ, ಅಮ್ಮನವರು ಆರಾಮಾಗಿ ಕೂತು ಸಮುದ್ರ ನೋಡಬಹುದು. ವಿಲ್ಲಾ ಚಿಂಬ್ರೋನೆಗೆ ನಡೆಯಬೇಕು, ಅಲ್ಲಿಗೆ ಉಳಿದವರು ಹೋಗಿ ಬನ್ನಿ. ಹೊಸ ಮನೆ ಎರಡು-ಮೂರು ಆರಿಸಿ ಲಿಂಕ್ ಇಲ್ಲೇ ಹಾಕಿ, ಜೆಟ್ಟಿಯಿಂದ ಎಷ್ಟು ದೂರ, ಎಷ್ಟು ಏರು ಅಂತ ಮ್ಯಾಪಿನಲ್ಲಿ ನೋಡಿ ಹೇಳುತ್ತೇನೆ.